ನಾಲ್ಕು ಫ್ಯಾನು, ಒಂದು ಹಸೆಹಾಡು

ನಾನು ಮಾಡಿದ ಮದುವೆ ವಿಡಿಯೋಗಳಲ್ಲಿ ಜನರ ಬಾಯಿ ಆಡುತ್ತದೆ, ಮಾತು ಕೇಳುವುದಿಲ್ಲ. ಮಾತಿನ ಜಾಗದಲ್ಲಿ ಸಿನಿಮಾ ಹಾಡು ಇರುತ್ತದೆ. ಹೊನ್ನಾವರದಲ್ಲಿ ಸ್ಟುಡಿಯೋ ಇಟ್ಟುಕೊಂಡು ಮೂವತ್ತು ವರ್ಷ ನಾನು ಮಾಡಿದ್ದು ಇದನ್ನೇ. ಭಟ್ಕಳದಿಂದ ಕುಮಟಾದವರೆಗೆ ಎಷ್ಟು ಚಪ್ಪರದಡಿ ಕ್ಯಾಮೆರಾ ಹೊತ್ತು ನಿಂತಿದ್ದೇನೋ ಲೆಕ್ಕವಿಲ್ಲ. ವಾಪಸು ಬಂದು ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿ, ಮೊದಲು ಮಾಡುತ್ತಿದ್ದ ಕೆಲಸ ಧ್ವನಿ ಬಂದ್ ಮಾಡುವುದು. ಅಡುಗೆಯವರ ಕೂಗು, ಮಕ್ಕಳ ಅಳು, ಜನರೇಟರಿನ ಗರಗರ, ಭಟ್ಟರ ಮಂತ್ರ, ಹೆಂಗಸರ ಹಾಡು, ಎಲ್ಲ ಒಂದೇ ಸಲಕ್ಕೆ ಸಾಯುತ್ತಿತ್ತು. 'ಗಲಾಟೆ ತೆಗೀರಿ, ಒಳ್ಳೆ ಹಾಡು ಹಾಕಿ' ಎಂದು ಗಿರಾಕಿಗಳೇ ಹೇಳುತ್ತಿದ್ದರು. ನಾನೇನು ಕದ್ದವನಲ್ಲ. ಹಾಗಂತ ನನಗೆ ನಾನೇ ಹೇಳಿಕೊಂಡು ಹೇಳಿಕೊಂಡು ಈಗ ನನ್ನ ಮೇಲೆ ನನಗೇ ಹೇಸಿಗೆ ಬಂದಿದೆ.

ಡ್ರೋನ್ ಹಾರಿಸುವವರು ಬಂದ ಮೇಲೆ ಮದುವೆಗಳು ನನ್ನ ಕೈಬಿಟ್ಟವು. ಸ್ಟುಡಿಯೋ ಅಂತ ಬೋರ್ಡು ಇದೆ, ಒಳಗೆ ನಡೆಯುವುದು ಪಾಸ್‌ಪೋರ್ಟ್ ಸೈಜಿನ ಫೋಟೋ, ಝೆರಾಕ್ಸು, ಲ್ಯಾಮಿನೇಶನ್ನು. ಹಳೆಯ ಕಂಪ್ಯೂಟರು ಹಿಂದಿನ ಕೋಣೆಯ ಬಲ್ಬಿನ ಕಪಾಟಿನಲ್ಲಿತ್ತು. ನಮ್ಮ ಕಡೆ ಮಳೆಗಾಲ ಬಂತೆಂದರೆ ಚರ್ಮದ ಚಪ್ಪಲಿಯಿಂದ ಕ್ಯಾಮೆರಾದ ಲೆನ್ಸಿನವರೆಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಸ್ಟುಡಿಯೋದವರೆಲ್ಲ ಒಂದು ಮರದ ಕಪಾಟು ಮಾಡಿಸಿ, ಒಳಗೆ ನಲವತ್ತು ಕ್ಯಾಂಡಲಿನ ಬಲ್ಬು ಉರಿಸಿಟ್ಟು, ಬಾಗಿಲು ಮುಚ್ಚಿ, ಸಾಮಾನನ್ನು ಬೆಚ್ಚಗೆ ಇಡುತ್ತೇವೆ. ಯಂತ್ರಕ್ಕೆ ಬೆಚ್ಚಗಿದ್ದರೆ ಒಳ್ಳೆಯದು, ಹೊರಗಿನ ಗಾಳಿ ಕೆಟ್ಟದ್ದು. ನಾನು ಕಲಿತ ವಿದ್ಯೆ ಇಷ್ಟೇ. ಹೆಂಡತಿ ಪ್ರತಿ ಜೂನಿನಲ್ಲೂ ಹೇಳುವವಳು, "ಆ ತಗಡಿನ ಡಬ್ಬಕ್ಕೆ ಮಳೆಗಾಲವಿಡೀ ಶಾಖ ಕೊಡ್ತ್ರಿ, ನನ್ನ ಸೊಂಟಕ್ಕೆ ಒಂದಿನ ಬಿಸಿನೀರು ಕಾಯಿಸಿ ಕೊಡೂದಿಲ್ಲ."

ಹೋದ ವರ್ಷ ದೀಪಾವಳಿ ಮುಗಿದ ಮರುವಾರ ಒಬ್ಬಳು ಬಂದಳು. ಮಂಕಿ ಊರಿನ ತೋಟದ ಮನೆಯ ಹುಡುಗಿ, ಈಗ ಕುಮಟಾದಲ್ಲಿ ಶಾಲೆಯ ಟೀಚರು. ಹದಿನಾಲ್ಕು ವರ್ಷದ ಹಿಂದೆ ಅವಳ ಮದುವೆಯ ವಿಡಿಯೋ ಮಾಡಿದವನು ನಾನೇ. ಗುರುತು ಹತ್ತಲಿಲ್ಲ. ಅವಳೇ ಹೇಳಿದ ಮೇಲೆ ಹ್ಞಾಂ ಹ್ಞಾಂ ಎಂದೆ. ಕೈಯಲ್ಲಿ ನಾನು ಕೊಟ್ಟ ಹಳೇ ಡಿವಿಡಿ ಇತ್ತು, ಅದರ ಮೇಲೆ ನನ್ನದೇ ಸ್ಟುಡಿಯೋದ ಗುಲಾಬಿ ಹೂವಿನ ಚಿತ್ರ.

"ಅಣ್ಣಾ, ನಿಮ್ಮತ್ರ ಒಂದು ಕೇಳೂದಿತ್ತು."

"ಎಂತ ತಂಗಿ?"

"ನಮ್ಮ ಆಯಿ ಶ್ರಾವಣದಲ್ಲಿ ಹೋಗ್ಬಿಟ್ಲು."

ಅವಳ ತಾಯಿಗೆ ಒಂಬತ್ತು ವರ್ಷದ ಹಿಂದೆ ಲಕ್ವಾ ಹೊಡೆದು ಮಾತು ನಿಂತಿತ್ತಂತೆ. ಆಮೇಲೆ ಮನೆಗೆ ಒಳ್ಳೆ ಮೊಬೈಲು ಬಂತು, ತಾಯಿಯ ಫೋಟೋ ಬೇಕಾದಷ್ಟು ತೆಗೆದರು, ದನಿ ಮಾತ್ರ ಯಾವುದರಲ್ಲೂ ಇಲ್ಲ. ಸಾಮಾನ್ಯಕ್ಕೆ ನಾಲ್ಕು ಜನರ ಮುಂದೆ ಬಾಯಿ ಬಿಡುವ ಹೆಂಗಸೇ ಅಲ್ಲ. ಮಗಳ ಮದುವೆಯ ದಿನ ಮಾತ್ರ, ಹಸೆಗೆ ಕರೆಯುವ ಹೊತ್ತಿಗೆ, ಎಲ್ಲರಿಗಿಂತ ಮುಂದೆ ನಿಂತು ಒಂದು ಹಾಡು ಹೇಳಿದ್ದಳು. ಹಾಡು ಯಾವುದೆಂದು ಮಗಳಿಗೆ ನೆನಪಿಲ್ಲ. ಮದುಮಗಳಿಗೆ ಆ ಹೊತ್ತಿನಲ್ಲಿ ಏನು ತಲೆಗೆ ಹೋಗುತ್ತದೆ? ಡಿವಿಡಿ ಹಾಕಿ ನೋಡಿದರೆ ತಾಯಿಯ ತುಟಿ ಆಡುತ್ತಿದೆ, ಕೇಳುವುದು ಸಿನಿಮಾ ಹಾಡು.

"ನನ್ನ ಮಗಳು ಅಜ್ಜಿಯ ದನಿ ಕೇಳಿದ್ದೇ ಇಲ್ಲ ಅಣ್ಣಾ. ಒಂದು ಸಲ ಕೇಳಿಸ್ಬೇಕು ಅಂತ. ನಿಮ್ಮತ್ರ ಮೂಲದ್ದು ಉಂಟಾ?"

ಕ್ಯಾಸೆಟ್ಟು ಉಳಿದಿರಲಿಲ್ಲ. ಒಂದೇ ಕ್ಯಾಸೆಟ್ಟನ್ನು ಅಳಿಸಿ ಅಳಿಸಿ ನಾಲ್ಕು ಮದುವೆಗೆ ಓಡಿಸುತ್ತಿದ್ದ ಕಾಲ ಅದು. ಉಳಿದಿದ್ದರೆ ಕಪಾಟಿನಲ್ಲಿರುವ ಕಂಪ್ಯೂಟರಿನಲ್ಲೇ ಉಳಿಯಬೇಕು. ನೋಡಿ ಹೇಳುತ್ತೇನೆಂದೆ. ಅವಳು ಫೋನ್ ನಂಬರನ್ನು ಎರಡು ಸಲ ಬರೆದುಕೊಟ್ಟಳು, ಒಂದು ಚೀಟಿ ಕಳೆದರೆ ಇನ್ನೊಂದಿರಲಿ ಎಂದು.

ಮಾರನೇ ದಿನ ಕಂಪ್ಯೂಟರನ್ನು ಕಪಾಟಿನಿಂದ ಇಳಿಸಿ ಮೇಜಿನ ಮೇಲಿಟ್ಟು ಸ್ವಿಚ್ಚು ಒತ್ತಿದೆ. ಹತ್ತಿಕೊಂಡಿತು! ಎಷ್ಟು ಖುಷಿಯಾಯಿತೆಂದರೆ ಹೆಂಡತಿಯನ್ನು ಕೂಗಿ ಕರೆದೆ. ಒಳಗಿನ ಒಂದೇ ಒಂದು ಫ್ಯಾನು ತುಕ್ಕು ಹಿಡಿದು ಕರ್ರ್ ಎಂದು ಗಾಣದಂತೆ ಅಳುತ್ತಿತ್ತು. ಫೋಲ್ಡರು ಸಿಕ್ಕಿತು, ಅವಳ ಮದುವೆಯೂ ಸಿಕ್ಕಿತು. ಹಸೆಯ ಭಾಗ ಹುಡುಕಿ ಹಾಕಿದೆ. ಹಸಿರು ಸೀರೆಯುಟ್ಟ ಹೆಂಗಸು, ಹಿಂದೆ ನಾಲ್ಕೈದು ಜನ, ದನಿ ಬರುತ್ತಿದೆ. ಬಂತಲ್ಲ ಎಂದು ಸಮಾಧಾನವಾಗಿ ಬಗ್ಗಿ ಫ್ಯಾನು ನೋಡಿದೆ. ಅರ್ಧ ನಿಮಿಷ ಓಡಿರಬಹುದು. ಅಷ್ಟರಲ್ಲಿ ಕಂಪ್ಯೂಟರು ತಾನಾಗಿ ಆಫಾಯಿತು. ಮುಟ್ಟಿದರೆ ಮೈಯೆಲ್ಲ ಬಿಸಿ.

ಅವಳಿಗೆ ಫೋನು ಮಾಡಿದೆ. "ಸಿಕ್ತು ತಂಗಿ. ಆಯಿಯ ಹಾಡು ಅದೆ. ನಾನೇ ಕೇಳಿದೆ."

"ಈಗ ಫೋನಲ್ಲೇ ಒಂಚೂರು ಕೇಳಿಸ್ತ್ರಾ ಅಣ್ಣಾ?"

"ಫೋನಲ್ಲಿ ಎಂತಕ್ಕೆ? ಮಶಿನ್ ಕಾದದೆ. ಸರಿ ಮಾಡಿ, ಹಾಡು ಚೊಕ್ಕ ಮಾಡಿ, ಪೆನ್‌ಡ್ರೈವಿಗೆ ಹಾಕಿ ಕೊಡ್ತೆ."

"ಆತು," ಎಂದಳು.

ಒಂದು ಗಳಿಗೆ ತಣಿಸಿ ಮತ್ತೆ ಹಚ್ಚಿ ಫೋನು ಸ್ಪೀಕರಿಗೆ ಹಿಡಿದಿದ್ದರೆ ಮುಗಿಯುತ್ತಿತ್ತು. ಅಷ್ಟು ಸಣ್ಣ ಕೆಲಸ. ಆದರೆ ಮಾಡಿದ ಕೆಲಸ ಚೊಕ್ಕ ಕಾಣಬೇಕೆಂಬ ಹಾಳು ಚಾಳಿ ನನ್ನದು. ಗಲಾಟೆಯ ಜೊತೆಗೆ ಹಾಡು ಕೊಡಲು ನನ್ನ ಕೈ ಬರಲಿಲ್ಲ.

ಭಟ್ಕಳಕ್ಕೆ ಹೋದೆ. ಅಲ್ಲಿ ಕಂಪ್ಯೂಟರ್ ಸಾಮಾನಿನ ಒಬ್ಬ ಸಾಹೇಬರಿದ್ದಾರೆ. ಮನೆಯಲ್ಲಿ ನವಾಯತಿ, ಅಂಗಡಿಯಲ್ಲಿ ಉರ್ದು, ನನ್ನ ಹತ್ತಿರ ಕನ್ನಡ. ಆ ಕಂಪ್ಯೂಟರಿನ ಒಂದೊಂದು ಭಾಗವನ್ನೂ ಆ ಕಾಲದಲ್ಲಿ ಅವರ ಹತ್ತಿರವೇ ಕೊಂಡು ನನ್ನ ಕೈಯಾರೆ ಜೋಡಿಸಿದ್ದೆ. ವಿಷಯ ಕೇಳಿ ಅವರು ನಕ್ಕರು.

"ಭಾಯ್, ಫ್ಯಾನು ಗೀನು ಯಾಕೆ? ಡಿಸ್ಕ್ ಬಿಚ್ಚಿ ತನ್ನಿ. ಬೇರೆ ಮಶಿನ್ನಿಗೆ ಹಚ್ಚಿ ಈಗಿಂದೀಗ ಕಾಪಿ ತೆಗೆದು ಕೊಡ್ತೇನೆ. ಚಾಯ್ ಕುಡಿಯೋದರಲ್ಲಿ ಆಯ್ತು."

ನನಗೆ ಸಿಟ್ಟು ಬಂತು. ಯಾಕೆ ಬಂತೆಂದು ಈಗಲೂ ಕೇಳಿಕೊಳ್ಳುತ್ತೇನೆ. ನನ್ನ ಕೆಲಸ ಹೋಯಿತು, ಗಿರಾಕಿ ಹೋಯಿತು, ಕ್ಯಾಮೆರಾ ಮೂಲೆ ಸೇರಿತು. ಅಷ್ಟು ವರ್ಷದ ಮೇಲೆ ಒಬ್ಬಳು ನನ್ನನ್ನೇ ಹುಡುಕಿಕೊಂಡು ಬಂದಿದ್ದಾಳೆ, ನನ್ನ ಮಶಿನ್ನೇ ಬೇಕೆಂದು. ಆ ಮಶಿನ್ನು ನನ್ನ ಮೇಜಿನ ಮೇಲೆ ಓಡಬೇಕು, ನಾನೇ ಓಡಿಸಬೇಕು. ಇನ್ನೊಬ್ಬರ ಅಂಗಡಿಯಲ್ಲಿ ಹೊಟ್ಟೆ ಬಗೆದು ತೆಗೆಯುವುದು ಬೇಡ.

"ಅದೆಲ್ಲ ಬೇಡ ಸಾಹೇಬ್ರೆ. ನಾಲ್ಕು ಫ್ಯಾನು ಕೊಡಿ. ಸ್ಪೀಡು ಹೆಚ್ಚುಕಮ್ಮಿ ಮಾಡೂದು ಬರ್ತದಲ್ಲ, ಆ ಕಂಟ್ರೋಲರೂ ಒಂದು ಕೊಡಿ."

ಕೊಟ್ಟರು. ಫ್ಯಾನನ್ನು ಕೈಯಲ್ಲಿ ಹಿಡಿದು ತೋರಿಸುತ್ತ, "ಬದಿಯಲ್ಲಿ ಬಾಣದ ಗುರುತು ಉಂಟು ನೋಡಿ. ಗಾಳಿ ಹೋಗುವ ದಿಕ್ಕು ಅದು. ಮುಂದಿನದ್ದು ಒಳಗೆ ಎಳೀಬೇಕು, ಹಿಂದಿನದ್ದು..." ಎನ್ನುತ್ತಿದ್ದರು. "ಗೊತ್ತು, ಗೊತ್ತು," ಎಂದೆ. ನನ್ನ ಕಣ್ಣು ಹೊರಗೆ ಹೊನ್ನಾವರದ ಬಸ್ಸಿನ ಮೇಲಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ಫ್ಯಾನು ಕಟ್ಟುವ ಕೆಲಸ ಹೇಳಿದರೆ ದೊಡ್ಡದಲ್ಲ. ಪೆಟ್ಟಿಗೆಯಲ್ಲಿ ಅದಕ್ಕೆಂದೇ ತೂತುಗಳಿರುತ್ತವೆ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಮುಂದೆ ಒಂದು, ಪಕ್ಕದ ತಗಡಿಗೆ ಒಂದು, ಹಿಂದೆ ಎರಡು. ಹಳೇ ಸಿಡಿ ಡ್ರೈವು ಕಿತ್ತು ಆ ಕಿಂಡಿಯಲ್ಲಿ ಕಂಟ್ರೋಲರು ಕೂರಿಸಿದೆ. ಅದಕ್ಕೆ ಮುಂದುಗಡೆ ತಿರುಗಿಸುವ ನಾಲ್ಕು ಗುಂಡಿ, ನಡುವೆ ಉಷ್ಣ ತೋರಿಸುವ ನೀಲಿ ಅಂಕಿ. ಪವರ್ ಸಪ್ಲೈಯ ನಾಲ್ಕು ತೂತಿನ ದೊಡ್ಡ ಪಿನ್ನನ್ನು ಅದರ ಬೆನ್ನಿಗೆ ಚುಚ್ಚಿದೆ. ಒಂದೊಂದು ಫ್ಯಾನಿನ ಕಪ್ಪು, ಕೆಂಪು, ಹಳದಿ ತಂತಿಗಳ ಸಣ್ಣ ಪಿನ್ನನ್ನು ಅದರದರ ಸಾಲಿನಲ್ಲಿ ಕೂರಿಸಿದೆ. ತಪ್ಪು ಮಾಡಬೇಕೆಂದರೂ ಆಗುವುದಿಲ್ಲ, ಆ ಪಿನ್ನುಗಳು ಒಂದೇ ದಿಕ್ಕಿನಲ್ಲಿ ಒಳಗೆ ಹೋಗುತ್ತವೆ. ತಂತಿಗಳನ್ನೆಲ್ಲ ಮದುವೆ ಮನೆಯ ಹೂವಿನ ದಂಡೆ ಕಟ್ಟಿದ ಹಾಗೆ ಒಟ್ಟು ಸೇರಿಸಿ ಕಟ್ಟಿದೆ. ಎಷ್ಟೋ ವರ್ಷದ ಮೇಲೆ ಕೈಗೆ ಕೆಲಸ ಹತ್ತಿದ ಸುಖ ಇತ್ತು. ಸುಳ್ಳು ಹೇಳುವುದಿಲ್ಲ, ಆ ಬೆಳಿಗ್ಗೆ ನಾನು ಸಂತೋಷವಾಗಿದ್ದೆ.

ದಿಕ್ಕಿನ ವಿಚಾರ ಬಂದಾಗ ಬಾಣ ನೋಡಿದೆ. ನೋಡಲಿಲ್ಲ ಅಂತಲ್ಲ, ನೋಡಿಯೇ ಮಾಡಿದೆ. ಮುಂದಿನ ಫ್ಯಾನು ಹೊರಗಿನ ಗಾಳಿಯನ್ನು ಒಳಗೆ ಎಳೆಯಬೇಕಂತೆ. ಹೊರಗಿನ ಗಾಳಿ ಅಂದರೆ ಯಾವುದು? ಪಕ್ಕದ ಕಾಸರಕೋಡದ ಅಳಿವೆಯಿಂದ ಒಣಮೀನಿನ ವಾಸನೆ ಹೊತ್ತು ಬರುವ ಉಪ್ಪಿನ ಗಾಳಿ. ನನ್ನ ಅಂಗಡಿಯ ಶಟರನ್ನು ಮೂರು ಸಲ ತಿಂದ ಗಾಳಿ, ಕಿಟಕಿಯ ಸರಳು ಪುಡಿ ಮಾಡಿದ ಗಾಳಿ. ಅದನ್ನು ನಾನಾಗಿ ಕರೆದು ಡಿಸ್ಕಿನ ಮೇಲೆ ಊದಿಸಬೇಕೇ? ಘಟ್ಟದ ಮೇಲಿನವರಿಗೆ, ಪೇಟೆಯವರಿಗೆ ಆ ಲೆಕ್ಕ ಸರಿ. ನಮಗಲ್ಲ. ನಾಲ್ಕೂ ಫ್ಯಾನನ್ನು ಹೊರಮುಖವಾಗಿ ಹಾಕಿದೆ. ಒಳಗಿನ ಬಿಸಿ ಎಲ್ಲ ಹೊರಗೆ ಹೋಗಲಿ, ಹೊರಗಿನ ಉಪ್ಪು ಒಳಗೆ ಬಾರದಿರಲಿ. ಇನ್ನುಳಿದ ಸಂದಿಗೊಂದಿ, ತೂತು, ಕಿಂಡಿಗಳಿಗೆಲ್ಲ ಕಪ್ಪು ಟೇಪು ಸುತ್ತಿ ಭದ್ರ ಮಾಡಿದೆ. ಮಳೆಗಾಲಕ್ಕೆ ಮನೆಯ ಮಾಡು ಬಂದೋಬಸ್ತು ಮಾಡುವವನ ಶ್ರದ್ಧೆ ನನ್ನದು.

ಊದುಬತ್ತಿ ಹಚ್ಚಿ ಫ್ಯಾನುಗಳ ಮುಂದೆ ಹಿಡಿದೆ. ಹೊಗೆ ದೂರ ಹಾರಿಹೋಯಿತು. ಹೆಂಡತಿ ಚಹಾ ತಂದವಳು ಅದನ್ನೇ ನೋಡುತ್ತ ನಿಂತಳು.

"ಇದಕ್ಕೂ ರೆಗ್ಯುಲೇಟರಾ?"

"ಹ್ಞೂಂ. ಕಂಡ್ಯಾ ಗಾಳಿ ಹ್ಯಾಂಗೆ ಹೊರಗೆ ಹೋಗ್ತದೆ?"

"ಹೊರಗೆ ಹೋಗೂದು ಕಂಡೆ. ಒಳಗೆ ಬರೂದು ಎಲ್ಲಿಂದ? ಒಲೆಗಾದ್ರೂ ಗಾಳಿ ಒಳಗೆ ಹೋಗೂಕೆ ಒಂದು ಬಾಯಿ ಇರ್ತದೆ."

"ಒಲೆಯ ವಿಷಯ ನೀ ನೋಡು. ಇದು ನಿಂಗೆ ಗೊತ್ತಾಗೂದಿಲ್ಲ."

"ಆತು ಮಾರಾಯ್ರೆ," ಎಂದು ಲೋಟ ಇಟ್ಟು ಹೋದಳು.

ಕಂಟ್ರೋಲರಿನ ಜೊತೆಗೆ ಒಂದು ಕೂದಲಿನಷ್ಟು ತೆಳು ತಂತಿ ಬಂದಿತ್ತು. ಅದರ ತುದಿ ಎಲ್ಲಿ ಅಂಟಿಸುತ್ತೇವೋ ಅಲ್ಲಿಯ ಉಷ್ಣ ಮುಂದಿನ ಅಂಕಿಯಲ್ಲಿ ಕಾಣುತ್ತದೆ. ಡಿಸ್ಕಿನ ಹತ್ತಿರ ಕೈ ಹೋಗಲಿಲ್ಲ. ತಳದ ತಗಡಿಗೆ ಅಂಟಿಸಿದೆ. ಅಂಕಿ ಮೂವತ್ತಮೂರು ತೋರಿಸಿತು, ಕೊನೆಯವರೆಗೂ ಮೂವತ್ತಮೂರೇ ತೋರಿಸಿತು.

ಇನ್ನು ಕಾಪಿ ಮಾಡುವುದು. ಅವಳ ಒಂದು ಫೋಲ್ಡರು ತೆಗೆದುಕೊಂಡಿದ್ದರೆ ಸಾಕಿತ್ತು. ಆಸೆ ಬಿಡಬೇಕಲ್ಲ! ಇಷ್ಟು ಚೆಂದ ಓಡುತ್ತಿದೆ, ಇಡೀ ಡಿಸ್ಕನ್ನೇ ತೆಗೆದಿಡೋಣ, ನಾಳೆ ಇನ್ನೊಬ್ಬರು ಕೇಳಿಕೊಂಡು ಬಂದರೆ? ಇವಳು ಬಂದಳಲ್ಲ, ಊರ ತುಂಬ ಸುದ್ದಿಯಾಗಿ ಇನ್ನೂ ಹತ್ತು ಜನ ಬಂದರೆ? ಎಲ್ಲವನ್ನೂ ಆರಿಸಿ, ಹೊರಗಿನಿಂದ ಹಚ್ಚಿದ ಇನ್ನೊಂದು ಡಿಸ್ಕಿಗೆ ಕಾಪಿಗೆ ಹಾಕಿದೆ. ಫೋಲ್ಡರುಗಳು ತಾರೀಕಿನ ಸಾಲಿನಲ್ಲಿದ್ದವು. ಆ ಕಂಪ್ಯೂಟರಿನಲ್ಲಿ ನಾನು ಮಾಡಿದ ಕಡೆಯ ಮದುವೆಗಳಲ್ಲಿ ಅವಳದ್ದೊಂದು, ಹಾಗಾಗಿ ಸಾಲಿನ ಬಾಲದಲ್ಲಿತ್ತು.

ಅಷ್ಟರಲ್ಲಿ ಮಾವಳ್ಳಿಯಿಂದ ಒಂದು ಸಂಸಾರ ಕೂಸಿನ ಫೋಟೋಕ್ಕೆ ಬಂತು. ಫ್ಯಾನಿನ ಸದ್ದಿಗೆ ಕೂಸು ಬೆದರಿ ಕಿರುಚತೊಡಗಿತು. ಅಂಕಿ ನೋಡಿದೆ, ಮೂವತ್ತಮೂರು. ನಾಲ್ಕೂ ಗುಂಡಿ ಎಡಕ್ಕೆ ತಿರುಗಿಸಿದೆ. ಫ್ಯಾನುಗಳು ತಣ್ಣಗೆ ಪಿಸುಗುಟ್ಟತೊಡಗಿದವು. ಕೂಸು ಸುಮ್ಮನಾಯಿತು. ಫೋಟೋ ತೆಗೆದು, ಕತ್ತರಿಸಿ, ಕವರಿಗೆ ಹಾಕಿ ಕೊಟ್ಟೆ. ಊಟಕ್ಕೆ ಒಳಗೆ ಹೋದೆ. ಕೈ ತೊಳೆಯುವಾಗ ಕೇಳಿಸಿತು. ಟಕ್. ಸ್ವಲ್ಪ ತಡೆದು ಮತ್ತೆ ಟಕ್. ಆಮೇಲೆ ಬಿಡದೆ ಟಕ್ ಟಕ್ ಟಕ್. ಓಡಿ ಬಂದೆ. ಪರದೆ ನೀಲಿಯಾಗಿತ್ತು. ಟೇಪು ಹರಿದು ತಗಡು ಕಿತ್ತು ಡಿಸ್ಕಿಗೆ ಕೈ ಹಾಕಿದರೆ ದೋಸೆ ಕಾವಲಿ ಮುಟ್ಟಿದ ಹಾಗೆ ಕೈ ಹಿಂದೆ ಬಂತು. ಬೆರಳಿಗೆ ಬೊಬ್ಬೆ ಎದ್ದಿತು. ಮುಂದಿನ ಅಂಕಿ ಮೂವತ್ತಮೂರು.

"ಎಂತ ಆತು?" ಎಂದು ಹೆಂಡತಿ ಬಾಗಿಲಲ್ಲಿ ನಿಂತಳು. ಹೇಳಿದ್ದೆನಲ್ಲ ಎಂದು ಒಂದು ಮಾತು ಆಡಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಅವಳು ಬೆರಳಿಗೆ ತುಪ್ಪ ತಂದು ಹಚ್ಚಿದಳು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಡಿಸ್ಕನ್ನು ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಭಟ್ಕಳಕ್ಕೆ ಒಯ್ದೆ. ಸಾಹೇಬರು ಈ ಸಲ ನಗಲಿಲ್ಲ. ತಮ್ಮ ಗುರುತಿನವರಿಗೆ ಕಳಿಸಿದರು. ಮೂರು ವಾರ ಬಿಟ್ಟು ಅದೇ ಟವೆಲಿನಲ್ಲಿ ವಾಪಸು ಬಂತು. ಒಳಗಿನ ತಟ್ಟೆ ಉಜ್ಜಿ ಹೋಗಿದೆ, ಯಾರಿಂದಲೂ ಆಗುವುದಿಲ್ಲವಂತೆ.

"ಬಾಣ ನೋಡಿ ಹಾಕಿದ್ರಲ್ಲ ಭಾಯ್?" ಎಂದು ಮೆಲ್ಲಗೆ ಕೇಳಿದರು. ಹೌದೆಂದೆ.

ಅರ್ಧ ಕಾಪಿಯಾಗಿತ್ತಲ್ಲ, ಅದನ್ನು ತೆಗೆದು ನೋಡಿದೆ. ಸಾಲಿನ ತಲೆಯಿಂದ ನಡುವಿನವರೆಗೆ ಎಲ್ಲ ಇದೆ. ಶಿರಾಲಿಯ ಒಂದು ಮದುವೆಯಲ್ಲಿ ಸಾರು ಬಡಿಸುವವನ ಕೂಗು ಇದೆ. ಕುಮಟಾದ ಯಾವುದೋ ಮನೆಯ ನಾಯಿ ಬೊಗಳುವುದು ಇದೆ. ಯಾರೂ ಕೇಳದ, ಯಾರಿಗೂ ಬೇಡದ ಗಲಾಟೆಯೆಲ್ಲ ಗಟ್ಟಿಯಾಗಿ ಉಳಿದಿದೆ. ಥೂ ನನ್ನ ಜನ್ಮಕ್ಕೆ ಎಂದು ಒಬ್ಬನೇ ಕೂತು ಬೈದುಕೊಂಡೆ.

ಅವಳು ವಾರಕ್ಕೊಂದು ಸಲ ಫೋನು ಮಾಡುತ್ತಿದ್ದಳು. "ಆಗ್ತಾ ಅದೆ ತಂಗಿ," ಎನ್ನುತ್ತಿದ್ದೆ. "ಅವಸರ ಇಲ್ಲ ಅಣ್ಣಾ, ನಿಧಾನ ಮಾಡಿ," ಎನ್ನುತ್ತಿದ್ದಳು. ನಾಲ್ಕನೇ ಸಲ ನಾನು ಫೋನು ಎತ್ತಲಿಲ್ಲ. ಐದನೇ ಸಲವೂ ಎತ್ತಲಿಲ್ಲ. ನನ್ನಷ್ಟು ಎತ್ತರದ ಗಂಡಸು ರಿಂಗಾಗುವ ಫೋನನ್ನು ಝೆರಾಕ್ಸು ಕಾಗದದ ಕಟ್ಟಿನಡಿ ತುರುಕಿ ಕೂತಿದ್ದೆ.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವಳೇ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಕೂತವಳು ಬ್ಯಾಗಿನಿಂದ ಪೆನ್‌ಡ್ರೈವು ತೆಗೆದಳು, ಹೊಸತು, ಪ್ಯಾಕೆಟ್ಟು ಒಡೆದಿರಲಿಲ್ಲ. ಪ್ಯಾಕೆಟ್ಟಿನ ಮೇಲೆ ಮಕ್ಕಳ ಗುಂಡು ಅಕ್ಷರದಲ್ಲಿ 'ಅಜ್ಜಿ' ಎಂದು ಬರೆದಿತ್ತು.

"ಮಗಳು ಬರೆದಿದ್ದು. ಮತ್ತೊಂದಕ್ಕೆ ಬಳಸ್ಬಾರ್ದು ಅಂತೆ."

ಹೇಳಿದೆ. ಹ್ಯಾಗೆ ಹೇಳಿದೆನೋ ಗೊತ್ತಿಲ್ಲ. ಫ್ಯಾನು, ಉಪ್ಪಿನ ಗಾಳಿ, ಟೇಪು, ಗುಂಡಿ, ತಗಡಿಗೆ ಅಂಟಿಸಿದ ತಂತಿ, ಎಲ್ಲ ಹೇಳಿದೆ. ಸಾಹೇಬರು ಡಿಸ್ಕು ತನ್ನಿ ಎಂದದ್ದನ್ನೂ ಹೇಳಿದೆ. ಇಷ್ಟು ಹೇಳಿದರೆ ಬೈಯುತ್ತಾಳೆ, ಬೈದರೆ ಮುಗಿಯುತ್ತದೆ ಎಂದು ಕಾದೆ. ಅವಳು ಬೈಯಲಿಲ್ಲ. ಪ್ಯಾಕೆಟ್ಟನ್ನು ಮೇಜಿನ ಮೇಲೆ ತಿರುಗಿಸಿ ಹೆಸರು ಕೆಳಗೆ ಬರುವ ಹಾಗೆ ಮಗುಚಿ ಇಟ್ಟಳು. ಕಣ್ಣು ಒರೆಸಿಕೊಂಡಳು. ಆಮೇಲೆ ಮುಖ ಎತ್ತಿದಾಗ ಅದರಲ್ಲಿ ಇನ್ನೂ ಒಂದು ಆಸೆ ಉಳಿದಿತ್ತು.

"ನೀವು ಕೇಳಿದ್ರಲ್ಲ ಅಣ್ಣಾ. ಆ ದಿನ ಫೋನಲ್ಲಿ ಹೇಳಿದ್ರಿ, ನಾನೇ ಕೇಳಿದೆ ಅಂತ."

"ಹ್ಞಾಂ."

"ಯಾವ ಹಾಡು? ಒಂದು ಸಾಲು ಹೇಳಿ ಸಾಕು. ನಮ್ಮ ಊರಲ್ಲಿ ಮುದುಕಿಯರು ಇದ್ದಾರೆ, ಸಾಲು ಹೇಳಿದ್ರೆ ಪೂರ್ತಿ ಹೇಳಿ ಕೊಡ್ತಾರೆ. ನಾನೇ ಕಲ್ತು ಮಗಳಿಗೆ ಹೇಳ್ತೆ. ಆಯಿ ಇದನ್ನೇ ಹೇಳಿದ್ಲು ಅಂತ."

ಬಾಯಿ ತೆರೆದೆ. ಹಸಿರು ಸೀರೆ ಕಣ್ಣ ಮುಂದೆ ಬಂತು. ಬಲಗೈಯ ಬಳೆ ಸರಿಸಿಕೊಂಡದ್ದು ಬಂತು. ತುಟಿ ಆಡುವುದು ಬಂತು. ಕಿವಿಯಲ್ಲಿ ಮಾತ್ರ ತುಕ್ಕು ಹಿಡಿದ ಫ್ಯಾನು ಕರ್ರ್ ಎನ್ನುತ್ತಿತ್ತು. ಅರ್ಧ ನಿಮಿಷ ಆ ತಾಯಿ ನನ್ನೊಬ್ಬನಿಗೇ ಹಾಡಿದ್ದಳು, ಜಗತ್ತಿನಲ್ಲಿ ಕಡೆಯ ಸಲ, ಮತ್ತು ನಾನು ಬಗ್ಗಿ ಫ್ಯಾನು ನೋಡುತ್ತಿದ್ದೆ. ಯಾವುದೋ ಒಂದು ಹಸೆಹಾಡಿನ ಸಾಲು ಹೇಳಿ ಕಳಿಸೋಣ, ಪಾಪ, ಅದಾದರೂ ಸಿಗಲಿ ಎಂದುಕೊಂಡೆ. ಮೂವತ್ತು ವರ್ಷ ಎಷ್ಟು ಚಪ್ಪರಗಳಲ್ಲಿ ಎಷ್ಟು ಹೆಂಗಸರು ನನ್ನಿಂದ ಮಾರು ದೂರದಲ್ಲಿ ನಿಂತು ಹಾಡಿದ್ದಾರೆ. ತಡಕಿದೆ, ತಡಕಿದೆ. ಸುಳ್ಳು ಹೇಳಲಿಕ್ಕೂ ಒಂದು ಸಾಲು ನನ್ನ ಹತ್ತಿರ ಇರಲಿಲ್ಲ.

"ಫ್ಯಾನು ಸದ್ದು ಮಾಡ್ತಿತ್ತು ತಂಗಿ," ಎಂದೆ.

ಅವಳು ನನ್ನನ್ನೇ ನೋಡಿದಳು. "ಅಡ್ಡಿಲ್ಲೆ," ಎಂದಳು. ಪರವಾಗಿಲ್ಲ ಎನ್ನಲು ಹೊರಗಿನವರ ಹತ್ತಿರ ಆಡದ, ಅವರ ಮನೆಯೊಳಗಿನ ಮಾತು ಅದು. ಪ್ಯಾಕೆಟ್ಟು ಬ್ಯಾಗಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಕುಮಟಾದ ಬಸ್ಸಿಗೆ ಹೋದಳು. ಮಗಳಿಗೆ ಏನು ಹೇಳುತ್ತಾಳೆಂದು ಕೇಳುವ ಧೈರ್ಯ ನನಗಾಗಲಿಲ್ಲ.